ಇನ್ಸುಲೇಷನ್ನಿನ ಒಳಗೆ ಸೆನ್ಸರ್: ಎಲ್ಲಿ ಹುದುಗಿಸಬಹುದು, ಎಲ್ಲಿ ಕೂಡದು

ಪ್ರಶ್ನೆ: ನಾನು ಸಾಗರದವನು, ವಿದ್ಯುತ್ ಉಪಕೇಂದ್ರವೊಂದರಲ್ಲಿ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಜನರೇಟರ್, ಟ್ರಾನ್ಸ್‌ಫಾರ್ಮರ್, ಕೇಬಲ್‌ಗಳ ಇನ್ಸುಲೇಷನ್ನಿನ ಒಳಗೇ ಕೂದಲೆಳೆಯಂತಹ ಸೆನ್ಸರ್‌ಗಳನ್ನು ಹುದುಗಿಸಿ ಅದರ ಸ್ಥಿತಿಯನ್ನು ಸದಾ ಗಮನಿಸುತ್ತಿರಬಹುದು ಎಂದು ಓದಿದೆ. ಹೊರಗಿನ ವಸ್ತುವೊಂದನ್ನು ಒಳಗೆ ಸೇರಿಸಿದರೆ ಇನ್ಸುಲೇಷನ್ನೇ ದುರ್ಬಲವಾಗುವುದಿಲ್ಲವೇ? ಸೆನ್ಸರ್ ಸಾಕಷ್ಟು ತೆಳುವಾಗಿದ್ದರೆ ತೊಂದರೆಯಿಲ್ಲ ಎನ್ನುತ್ತಾರೆ, ಅದು ನಿಜವೇ? ನಮ್ಮ ಮಲೆನಾಡಿನ ಮಳೆ, ಥಂಡಿಯಲ್ಲಿ ಇದರಿಂದ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾದುದು. ಇನ್ಸುಲೇಷನ್ನಿನ ಒಳಗೆ ಏನನ್ನೇ ಸೇರಿಸಿದರೂ ಅಲ್ಲಿ ಎರಡು ವಸ್ತುಗಳು ಕೂಡುವ ಒಂದು ಹೊಸ ಅಂಚು ಹುಟ್ಟುತ್ತದೆ, ಮತ್ತು ಹೈವೋಲ್ಟೇಜ್ ಇನ್ಸುಲೇಷನ್ ಕೆಡಲು ತೊಡಗುವುದು ಬಹುಪಾಲು ಇಂತಹ ಅಂಚುಗಳಲ್ಲೇ. ಆದರೂ ಈ ಕೆಲಸ ಅಸಾಧ್ಯವೇನಲ್ಲ; ನಿಮ್ಮ ಉಪಕೇಂದ್ರದಲ್ಲೇ ಅದರ ಹಳೆಯ ರೂಪವೊಂದು ದಶಕಗಳಿಂದ ನಡೆದುಕೊಂಡು ಬಂದಿದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಸುರಕ್ಷತೆಯನ್ನು ನಿರ್ಧರಿಸುವುದು ಸೆನ್ಸರಿನ ದಪ್ಪಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳು: ಅದು ವಿದ್ಯುತ್ ಕ್ಷೇತ್ರದ ಯಾವ ಭಾಗದಲ್ಲಿ ಕುಳಿತಿದೆ, ಕ್ಷೇತ್ರದ ದಿಕ್ಕಿಗೆ ಅಡ್ಡವಾಗಿದೆಯೋ ಉದ್ದಕ್ಕೂ ಇದೆಯೋ, ಮತ್ತು ಸುತ್ತಲಿನ ವಸ್ತುವಿನೊಂದಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ. ‘ತೆಳುವಾಗಿದ್ದರೆ ಸಾಕು’ ಎಂಬ ಮಾತನ್ನು ನಾನು ಹಾಗೆಯೇ ಒಪ್ಪಲಾರೆ. ಕೆಲವು ಸಂದರ್ಭಗಳಲ್ಲಿ ಅದು ತಪ್ಪು ದಾರಿಗೇ ಎಳೆಯುತ್ತದೆ.

ಅದು ಹೇಗೆಂದು ಲೆಕ್ಕ ಹಾಕಿಯೇ ನೋಡೋಣ. 11 ಕಿಲೋವೋಲ್ಟ್ ಜನರೇಟರೊಂದರ ಸ್ಟೇಟರ್ ವೈಂಡಿಂಗ್‌ನಲ್ಲಿ (ತಿರುಗದೆ ನಿಂತಿರುವ ಭಾಗದ ತಾಮ್ರದ ಸುತ್ತುಗಳಲ್ಲಿ) ಲೈನ್ ತುದಿಯ ತಾಮ್ರದ ಬಾರ್‌ಗೂ ಭೂಸಂಪರ್ಕದಲ್ಲಿರುವ ಉಕ್ಕಿನ ಕೋರ್‌ಗೂ ನಡುವಿನ ವೋಲ್ಟೇಜ್ ಸುಮಾರು 6.35 ಕಿಲೋವೋಲ್ಟ್, ಅಲೆಯ ತುದಿಯಲ್ಲಿ ಅದು 9 ಕಿಲೋವೋಲ್ಟಿನ ಹತ್ತಿರ ಹೋಗುತ್ತದೆ. ಬಾರಿನ ಮೇಲಿನ ಮೈಕಾ-ಎಪಾಕ್ಸಿ ಹೊದಿಕೆ 2.5 ಮಿ.ಮೀ. ದಪ್ಪವಿದೆ ಎಂದಿಟ್ಟುಕೊಂಡರೆ ಪ್ರತಿ ಮಿಲಿಮೀಟರಿಗೆ ಸುಮಾರು 3.6 ಕಿಲೋವೋಲ್ಟ್ ಒತ್ತಡ ಬೀಳುತ್ತದೆ. ಆ ಹೊದಿಕೆ ಇದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಈಗ ಅದರ ನಡುವೆ ಒಂದು ಚಪ್ಪಟೆ ಸೆನ್ಸರ್ ಇಟ್ಟಿದ್ದೇವೆ, ಅದರ ಒಂದು ಮಗ್ಗಲು ಸರಿಯಾಗಿ ಅಂಟದೆ 0.1 ಮಿ.ಮೀ. ಗಾಳಿಯ ಸಂದು ಉಳಿದಿದೆ ಎಂದುಕೊಳ್ಳಿ. ಮೈಕಾ-ಎಪಾಕ್ಸಿಯ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಅಂಕಿ) ಸುಮಾರು 4, ಗಾಳಿಯದು 1. ಕ್ಷೇತ್ರಕ್ಕೆ ಅಡ್ಡವಾಗಿ ಮಲಗಿದ ಚಪ್ಪಟೆ ಸಂದಿನಲ್ಲಿ ಕ್ಷೇತ್ರವು ಈ ಅನುಪಾತದಷ್ಟೇ, ಎಂದರೆ 4 ಪಟ್ಟು ಏರುತ್ತದೆ. ಹೀಗಾಗಿ ಸಂದಿನೊಳಗಿನ ಗಾಳಿಯ ಮೇಲೆ ಮಿಲಿಮೀಟರಿಗೆ 14 ಕಿಲೋವೋಲ್ಟಿಗೂ ಹೆಚ್ಚಿನ ಒತ್ತಡ, ಆ 0.1 ಮಿ.ಮೀ. ಸಂದಿನ ಎರಡು ಬದಿಗಳ ನಡುವೆ ಸುಮಾರು 1.4 ಕಿಲೋವೋಲ್ಟ್. ಸಾಮಾನ್ಯ ವಾಯುಭಾರದಲ್ಲಿ ಅಷ್ಟು ಅಗಲದ ಗಾಳಿ ಹೆಚ್ಚುಕಡಿಮೆ 1 ಕಿಲೋವೋಲ್ಟಿಗೇ ಸೋಲುತ್ತದೆ. ಅಲ್ಲಿ ಪ್ರತಿ ಸೈಕಲ್‌ನಲ್ಲೂ ಕಿಡಿ ಹಾರುತ್ತದೆ, ಸೆಕೆಂಡಿಗೆ 50 ಸೈಕಲ್, ವರ್ಷವಿಡೀ. ಇದನ್ನೇ ಪಾರ್ಷಿಯಲ್ ಡಿಸ್ಚಾರ್ಜ್ ಎನ್ನುತ್ತಾರೆ. ಅದೇ ಜಾಗದಲ್ಲಿ ಗುಂಡನೆಯ ಗುಳ್ಳೆಯೊಂದು ಉಳಿದಿದ್ದರೆ ಕ್ಷೇತ್ರದ ಏರಿಕೆ ಸುಮಾರು 1.3 ಪಟ್ಟು ಮಾತ್ರ. ಎಂದರೆ ಸೆನ್ಸರನ್ನು ತಟ್ಟೆಯಂತೆ ತೆಳುವಾಗಿಸಿ ಅಗಲಗೊಳಿಸಿದಷ್ಟೂ, ಅದರ ಮಗ್ಗಲಲ್ಲಿ ಉಳಿಯಬಹುದಾದ ಪೊಳ್ಳು ಅತ್ಯಂತ ಕೆಟ್ಟ ಆಕಾರದ್ದಾಗುತ್ತದೆ.

ತೆಳುವಿಗೆ ಬೆಲೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ಗಾಳಿಯ ಒತ್ತಡ ಮತ್ತು ಅಂತರಗಳ ಗುಣಲಬ್ಧವೇ ಅದು ಸೋಲುವ ವೋಲ್ಟೇಜನ್ನು ನಿರ್ಧರಿಸುತ್ತದೆ ಎಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ತೋರಿಸಿದರು. ಆ ವಕ್ರರೇಖೆಗೆ ಒಂದು ತಳವಿದೆ, ಗಾಳಿಯ ಮಟ್ಟಿಗೆ ಅದು ಸುಮಾರು 327 ವೋಲ್ಟ್. ಮೇಲಿನ ಉದಾಹರಣೆಯಲ್ಲಿ ಸಂದು 0.1ರ ಬದಲು 0.01 ಮಿ.ಮೀ. ಇದ್ದಿದ್ದರೆ ಅದರ ಮೇಲಿನ ವೋಲ್ಟೇಜ್ ಕೇವಲ 144 ವೋಲ್ಟ್, ಆ ತಳಕ್ಕಿಂತ ಬಹಳ ಕೆಳಗೆ. ಕಿಡಿ ಹುಟ್ಟುವುದೇ ಇಲ್ಲ. ಆದ್ದರಿಂದ ಹುದುಗಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಸೆನ್ಸರಿನ ದಪ್ಪವನ್ನಲ್ಲ, ಅದರ ಪಕ್ಕದಲ್ಲಿ ಹತ್ತು ಇಪ್ಪತ್ತು ವರ್ಷಗಳ ನಂತರ ಬಿಡಬಹುದಾದ ಸಂದಿನ ದಪ್ಪವನ್ನು. ಮಾರಾಟದ ಹಾಳೆಗಳಲ್ಲಿ ಮೊದಲನೆಯ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. ಎರಡನೆಯದನ್ನು ನೀವೇ ಕೇಳಬೇಕಾಗುತ್ತದೆ.

ಆ ಸಂದು ಬಿಡುವುದು ಏಕೆ? ತಾಮ್ರವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 17 ಭಾಗದಷ್ಟು ಹಿಗ್ಗುತ್ತದೆ, ಬರಿಯ ಎಪಾಕ್ಸಿ 50-60 ಭಾಗ, ಆಪ್ಟಿಕಲ್ ಫೈಬರಿನ ಗಾಜು ಅರ್ಧ ಭಾಗ ಮಾತ್ರ. ಯಂತ್ರ ಬಿಸಿಯಾಗಿ ತಣಿದಾಗಲೆಲ್ಲ ಈ ಮೂರೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ, ಅಂಚು ಎಳೆತಕ್ಕೆ ಸಿಕ್ಕುತ್ತದೆ. ಉಷ್ಣ ಸ್ಥಾವರದ ಜನರೇಟರ್ ದಿನಗಟ್ಟಲೆ ಒಂದೇ ಸಮನೆ ಓಡುತ್ತದೆ. ಜಲವಿದ್ಯುತ್ ಯಂತ್ರಗಳ ಬದುಕು ಹಾಗಲ್ಲ. ಶರಾವತಿ ವಿದ್ಯುದಾಗಾರದ ತಲಾ 103.5 ಮೆಗಾವಾಟಿನ ಹತ್ತು ಯಂತ್ರಗಳಾಗಲಿ, ವಾರಾಹಿಯ ಭೂಗತ ವಿದ್ಯುದಾಗಾರದ ತಲಾ 115 ಮೆಗಾವಾಟಿನ ನಾಲ್ಕು ಯಂತ್ರಗಳಾಗಲಿ, ಗ್ರಿಡ್‌ನ ಬೇಡಿಕೆ ಏರಿದಾಗ ಹೊರಟು ಇಳಿದಾಗ ನಿಲ್ಲುವಂತಹವು. ನಿಂತು ಹೊರಡುವ ಪ್ರತಿ ಸಲವೂ ಅಂಚಿನ ಮೇಲೆ ಒಂದು ಎಳೆತ. ಹೆಂಚಿನ ಮಾಡು ಸೋರುವುದು ಹೆಂಚಿನ ಮೈಯಿಂದಲ್ಲ, ಹೆಂಚಿಗೆ ಹೆಂಚು ಕೂಡುವ ಸಂದಿನಿಂದ. ಇನ್ಸುಲೇಷನ್ನಿನ ಸಂಗತಿಯೂ ಅದೇ. ಆದ್ದರಿಂದ ನಮ್ಮ ಕಡೆಯ ಯಂತ್ರಗಳಿಗಾಗಿ ಯಾರಾದರೂ ಹುದುಗಿಸುವ ಸೆನ್ಸರನ್ನು ತಂದು ತೋರಿಸಿದರೆ, ಬಿಸಿ-ತಂಪಿನ ಆವರ್ತನಗಳ ಪರೀಕ್ಷೆಗೆ ಒಳಪಡಿಸಿದ ನಂತರ ತೆಗೆದ ಪಾರ್ಷಿಯಲ್ ಡಿಸ್ಚಾರ್ಜ್ ಅಳತೆಯನ್ನೇ ಮೊದಲು ಕೇಳಬೇಕು. ಹೊಸತಾಗಿ ಮಾಡಿದ ಮಾದರಿಯ ಅಳತೆ ಏನನ್ನೂ ಸಾಬೀತು ಮಾಡುವುದಿಲ್ಲ.

ಇನ್ನು ದಿಕ್ಕಿನ ಮಾತು. ಇನ್ಸುಲೇಷನ್ನಿನಲ್ಲಿ ಸಮಾನ ವೋಲ್ಟೇಜಿನ ಬಿಂದುಗಳನ್ನು ಕೂಡಿಸಿದರೆ ಬರುವ ಮೈಯ ಮೇಲೇ ಸೆನ್ಸರನ್ನೂ ಅದರ ತಂತಿಯನ್ನೂ ಮಲಗಿಸಿದರೆ ತಂತಿಯ ಉದ್ದಕ್ಕೂ ವೋಲ್ಟೇಜಿನ ಏರಿಳಿತವಿರುವುದಿಲ್ಲ. ಅದೇ ತಂತಿ ಕಂಡಕ್ಟರಿನ ಕಡೆಯಿಂದ ಭೂಸಂಪರ್ಕದ ಕಡೆಗೆ ಇನ್ಸುಲೇಷನ್ನನ್ನು ಹಾದುಬಂದರೆ, ಪೂರ್ತಿ ವೋಲ್ಟೇಜ್ ಅದರ ಮೈಯುದ್ದಕ್ಕೆ ಹಂಚಿಕೊಳ್ಳುತ್ತದೆ. ಲೋಹದ ತಂತಿಯನ್ನು ಹಾಗೆ ತರುವ ಪ್ರಶ್ನೆಯೇ ಇಲ್ಲ. ಗಾಜಿನ ಫೈಬರ್ ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ತರಬಹುದು, ಆದರೆ ಫೈಬರಿಗೂ ಅದರ ಮೇಲಿನ ಪ್ಲಾಸ್ಟಿಕ್ ಲೇಪಕ್ಕೂ ನಡುವೆ, ಲೇಪಕ್ಕೂ ಎಪಾಕ್ಸಿಗೂ ನಡುವೆ ಒಂದೊಂದು ಅಂಚು ಆ ತುದಿಯಿಂದ ಈ ತುದಿಯವರೆಗೆ ನೇರವಾಗಿ ಸಾಗಿರುತ್ತದೆ ಎಂಬುದನ್ನು ಮರೆಯಬಾರದು. ಸಾಮಾನ್ಯ ಫೈಬರಿನ ಗಾಜು 0.125 ಮಿ.ಮೀ., ಲೇಪ ಸೇರಿ 0.25 ಮಿ.ಮೀ. ಗಾಜಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 3.8 ಆಗಿರುವುದರಿಂದ ಮೈಕಾ-ಎಪಾಕ್ಸಿಯೊಂದಿಗೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ, 2.3 ಇರುವ, ಕೇಬಲ್ಲುಗಳ ಇನ್ಸುಲೇಷನ್ನಾದ ಎಕ್ಸ್‌ಎಲ್‌ಪಿಇ ಪ್ಲಾಸ್ಟಿಕ್ಕಿನೊಳಗೆ ಅಷ್ಟು ಹೊಂದುವುದಿಲ್ಲ.

ಮೊದಲು ಹೇಳಿದ ಹಳೆಯ ರೂಪ ಯಾವುದೆಂದರೆ ಟ್ರಾನ್ಸ್‌ಫಾರ್ಮರಿನ ಬುಶಿಂಗ್, ಎಂದರೆ ಹೈವೋಲ್ಟೇಜ್ ಕಂಡಕ್ಟರನ್ನು ಟ್ಯಾಂಕಿನ ಗೋಡೆಯ ಮೂಲಕ ಹೊರತರುವ ಇನ್ಸುಲೇಟರ್. ಹೈವೋಲ್ಟೇಜ್ ಬುಶಿಂಗ್‌ನೊಳಗೆ ಎಣ್ಣೆಯಲ್ಲಿ ಅಥವಾ ರೆಸಿನ್‌ನಲ್ಲಿ ತೋಯ್ದ ಕಾಗದದ ಸುತ್ತುಗಳ ನಡುವೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳನ್ನು ವೋಲ್ಟೇಜ್ ಸಮನಾಗಿ ಹಂಚಿಹೋಗಲೆಂದು ಇಟ್ಟಿರುತ್ತಾರೆ. ಕಟ್ಟಕಡೆಯ ಹಾಳೆಯಿಂದ ಒಂದು ತಂತಿಯನ್ನು ಫ್ಲಾಂಜಿನ ಪಕ್ಕದ ಟೆಸ್ಟ್ ಟ್ಯಾಪ್‌ಗೆ ತಂದಿರುತ್ತಾರೆ. ಇನ್ಸುಲೇಷನ್ನಿನಲ್ಲಿ ಎಷ್ಟು ವಿದ್ಯುತ್ ಬಿಸಿಯಾಗಿ ಪೋಲಾಗುತ್ತಿದೆ ಎಂದು ಅಳೆಯುವ ಟ್ಯಾನ್ ಡೆಲ್ಟಾ ಪರೀಕ್ಷೆಗೆ ನೀವು ಕ್ಲಿಪ್ ಹಾಕುವುದು ಅದಕ್ಕೇ. ಇನ್ಸುಲೇಷನ್ನಿನೊಳಗೆ ಹುದುಗಿಸಿದ ತೆಳು ಸೆನ್ಸರ್ ಎಂಬ ಹೆಸರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೇಲಿನ ಮೂರು ಕಟ್ಟಳೆಗಳನ್ನೂ ಅದು ಪಾಲಿಸುತ್ತದೆ: ಭೂಸಂಪರ್ಕದ ಕಡೆಯ ತುದಿಯಲ್ಲಿದೆ, ಸಮಾನ ವೋಲ್ಟೇಜಿನ ಮೈಯ ಮೇಲೆ ಮಲಗಿದೆ, ಮತ್ತು ನಿರ್ವಾತದಲ್ಲಿ ಎಣ್ಣೆ ಅಥವಾ ರೆಸಿನ್ ತುಂಬಿಸಿರುವುದರಿಂದ ಸಂದು ಉಳಿದಿರುವುದಿಲ್ಲ. 220 ಕಿಲೋವೋಲ್ಟ್ ಬುಶಿಂಗ್‌ನ ಕೆಪಾಸಿಟನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ) 400 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಆ ಟ್ಯಾಪ್ ಮೂಲಕ ಸದಾ ಸುಮಾರು 16 ಮಿಲಿಆಂಪಿಯರ್ ಕರೆಂಟ್ ಭೂಮಿಗೆ ಹರಿಯುತ್ತಿರುತ್ತದೆ. ಮೂರು ಫೇಸ್‌ಗಳ ಈ ಕರೆಂಟುಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಬಾರದಿದ್ದರೆ ಒಂದು ಬುಶಿಂಗ್ ಉಳಿದೆರಡರಿಂದ ಬೇರೆಯಾಗುತ್ತಿದೆ ಎಂದರ್ಥ. ಒಳಗೆ 50 ಪದರಗಳಿದ್ದು ಅವುಗಳಲ್ಲಿ ಒಂದು ಶಾರ್ಟ್ ಆದರೂ ಕೆಪಾಸಿಟನ್ಸ್ ಶೇಕಡ 2ರಷ್ಟು ಏರುತ್ತದೆ, ಮತ್ತು ಅಷ್ಟು ಬದಲಾವಣೆಯನ್ನು ಯಂತ್ರ ಚಾಲೂ ಇರುವಾಗಲೇ ಹಿಡಿಯಬಹುದು.

ಮಲೆನಾಡಿನಲ್ಲಿ ಈ ಟ್ಯಾಪ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಟ್ಯಾಪ್ ಸದಾ ಭೂಸಂಪರ್ಕದಲ್ಲಿ ಇರಲೇಬೇಕು. ಅದು ಕಡಿದುಹೋದರೆ ಕಡೆಯ ಹಾಳೆಯ ವೋಲ್ಟೇಜ್ ಏರಿ ಕಿಡಿ ಹಾರತೊಡಗುತ್ತದೆ, ಬುಶಿಂಗ್ ಅಲ್ಲಿಂದಲೇ ಸುಟ್ಟುಹೋಗಬಹುದು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ಟ್ರಾನ್ಸ್‌ಫಾರ್ಮರಿನ ಬ್ರೀದರ್‌ನಲ್ಲಿರುವ (ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿಯಲ್ಲಿರುವ) ನೀಲಿ ಸಿಲಿಕಾ ಜೆಲ್ ಎಷ್ಟು ಬೇಗ ಗುಲಾಬಿಯಾಗುತ್ತದೆ ಎಂಬುದನ್ನು ನೀವು ಕಂಡಿರುತ್ತೀರಿ. ಅದೇ ತೇವ ಟ್ಯಾಪಿನ ಮುಚ್ಚಳದೊಳಗೂ ನುಗ್ಗುತ್ತದೆ. ಆನ್‌ಲೈನ್ ಮಾನಿಟರ್ ಹಾಕಬೇಕೆಂದು ಕಾರ್ಖಾನೆಯ ಮುಚ್ಚಳವನ್ನು ತೆಗೆದು ಬೇರೊಂದು ಅಡಾಪ್ಟರ್ ಸಿಕ್ಕಿಸಿದಾಗ, ಅದರ ರಬ್ಬರ್ ರಿಂಗ್ ಸರಿಯಾಗಿ ಕೂರದಿದ್ದರೆ ಒಳ್ಳೆಯ ಬುಶಿಂಗ್‌ಗೆ ನಾವೇ ರೋಗ ತಂದಂತೆ. ಹೀಗಾಗಿ ಓವರ್‌ವೋಲ್ಟೇಜ್ ರಕ್ಷಣೆ ಒಳಗೇ ಇರುವ, ಕೇಬಲ್ ಕಿತ್ತರೂ ಟ್ಯಾಪಿನ ಭೂಸಂಪರ್ಕ ತಪ್ಪದ ಅಡಾಪ್ಟರ್ ಅಲ್ಲದೆ ಬೇರಾವುದನ್ನೂ ಒಪ್ಪಬೇಡಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಆ ಮುಚ್ಚಳಗಳನ್ನು ತೆರೆದು ನೋಡುವುದು ಒಳ್ಳೆಯದು.

ಜನರೇಟರುಗಳಲ್ಲೂ ಹೀಗೆಯೇ, ಒಳ್ಳೆಯ ಜಾಗ ಬಹಳ ಹಿಂದೆಯೇ ಗೊತ್ತಾಗಿದೆ. ಸ್ಟೇಟರಿನ ಒಂದು ಸ್ಲಾಟ್‌ನಲ್ಲಿ ಎರಡು ಬಾರ್‌ಗಳು ಒಂದರ ಮೇಲೊಂದಿರುತ್ತವೆ, ಎರಡರ ಹೊರಮೈಗೂ ಅರೆವಾಹಕ ಬಣ್ಣ ಬಳಿದು ಕೋರಿನ ವೋಲ್ಟೇಜಿಗೆ ತಂದಿರುತ್ತಾರೆ. ಎರಡರ ನಡುವೆ ಉದ್ದನೆಯ ತೆಳು ಪಟ್ಟಿಯಂತಹ ಆರ್‌ಟಿಡಿಯನ್ನು (ಬಿಸಿಯೇರಿದಂತೆ ರೋಧ ಏರುವ ಉಷ್ಣತೆಯ ಸೆನ್ಸರನ್ನು) ಇಡುತ್ತಾರೆ. ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಪ್ಲಾಟಿನಂ, ಪ್ರತಿ ಡಿಗ್ರಿಗೆ 0.385 ಓಮ್ ಏರುವಂಥದ್ದು. ಅಲ್ಲಿ ವಿದ್ಯುತ್ ಕ್ಷೇತ್ರ ಇಲ್ಲವೆಂದೇ ಹೇಳಬಹುದು, ಹಾಗಾಗಿ ಅಪಾಯವೂ ಇಲ್ಲ. ಬೆಲೆ ತೆರುವುದು ಬೇರೆ ಕಡೆ: ತಾಮ್ರದ ಬಿಸಿ ಇನ್ಸುಲೇಷನ್ನನ್ನು ದಾಟಿ ಬರಬೇಕಾದುದರಿಂದ ಆರ್‌ಟಿಡಿ ತೋರಿಸುವ ಉಷ್ಣತೆ ತಾಮ್ರದ ನಿಜವಾದ ಉಷ್ಣತೆಗಿಂತ ಕಡಿಮೆಯಿರುತ್ತದೆ. ಡಿಸ್ಚಾರ್ಜ್ ಹಿಡಿಯಲು ಸ್ಲಾಟ್ ವೆಜ್ಜಿನ (ಬಾರ್‌ಗಳನ್ನು ಸ್ಲಾಟ್‌ನಲ್ಲಿ ಹಿಡಿದಿಡುವ ಬೆಣೆಯ) ಅಡಿಯಲ್ಲಿ ಇಡುವ ಪಟ್ಟಿಯಾಕಾರದ ಆಂಟೆನಾಗಳೂ ಹೀಗೆಯೇ ಕ್ಷೇತ್ರದ ಹೊರಗಿರುವಂತಹವು. ಮೈಕಾ ಎಂಬ ಖನಿಜ ಡಿಸ್ಚಾರ್ಜನ್ನು ವರ್ಷಗಟ್ಟಲೆ ತಾಳಿಕೊಳ್ಳುವುದರಿಂದ, ಇಲ್ಲಿ ಏರುತ್ತಿರುವ ಡಿಸ್ಚಾರ್ಜ್ ಅಳತೆಯನ್ನು ತಿಂಗಳುಗಟ್ಟಲೆ ಗಮನಿಸಿ ತೀರ್ಮಾನಿಸಲು ಸಮಯ ಸಿಗುತ್ತದೆ.

ಇತ್ತೀಚಿನ ಆಸಕ್ತಿಯೆಲ್ಲ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಎಂಬ ಸೆನ್ಸರಿನ ಮೇಲಿದೆ. ಫೈಬರಿನೊಳಗೆ ಬೆಳಕಿನಿಂದಲೇ ಬರೆದ ಸೂಕ್ಷ್ಮ ಗೆರೆಗಳು ಒಂದು ನಿರ್ದಿಷ್ಟ ತರಂಗಾಂತರವನ್ನು ಮಾತ್ರ ಹಿಂದಿರುಗಿಸುತ್ತವೆ. 1550 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅದು ಪ್ರತಿ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಒಂದೇ ಎಳೆಯಲ್ಲಿ ಇಂತಹ ಹಲವು ಬಿಂದುಗಳನ್ನು ಇಡಬಹುದು, ವಿದ್ಯುತ್ ಬೇಕಿಲ್ಲ, ಸುತ್ತಲಿನ ಕಾಂತಕ್ಷೇತ್ರದ ಬಾಧೆಯಿಲ್ಲ. ಆದರೆ ಎಳೆತಕ್ಕೂ ಅದು ಸರಿಯುತ್ತದೆ: ಹತ್ತು ಲಕ್ಷದಲ್ಲಿ ಒಂದು ಭಾಗ ಹಿಗ್ಗಿದರೆ ಸುಮಾರು 1.2 ಪಿಕೋಮೀಟರ್. ಗಟ್ಟಿಯಾದ ಎಪಾಕ್ಸಿಯೊಳಗೆ ಬಿಗಿಯಾಗಿ ಸಿಕ್ಕಿಕೊಂಡ ಗ್ರೇಟಿಂಗ್ ಬಿಸಿಯನ್ನು ತೋರಿಸುತ್ತಿದೆಯೋ ಎಳೆತವನ್ನೋ ಎಂದು ಬೇರ್ಪಡಿಸುವುದು ಕಷ್ಟ. ಇದಕ್ಕೆ ಸಾಮಾನ್ಯ ಪರಿಹಾರವೆಂದರೆ ಫೈಬರನ್ನು ಒಂದು ಸಣ್ಣ ಕೊಳವೆಯೊಳಗೆ ಸಡಿಲವಾಗಿ ಇಡುವುದು. ಸಡಿಲವಾಗಿಟ್ಟ ಕೂಡಲೇ ಆ ಕೊಳವೆಯೊಳಗೆ ಗಾಳಿ ಬಂತು, ಎಂದರೆ ನಾವು ಯಾವ ಪೊಳ್ಳನ್ನು ತಪ್ಪಿಸಲು ಹೊರಟಿದ್ದೆವೋ ಅದನ್ನೇ ಕೈಯಾರೆ ಇಟ್ಟಂತಾಯಿತು. ನನ್ನ ಅಭಿಪ್ರಾಯದಲ್ಲಿ ಹುದುಗಿಸುವ ಸೆನ್ಸರುಗಳ ಅತ್ಯಂತ ಕಠಿಣವಾದ ಗಂಟು ಇದೇ: ಅಳತೆಗೆ ಸಡಿಲ ಬೇಕು, ಇನ್ಸುಲೇಷನ್ನಿಗೆ ಬಿಗಿ ಬೇಕು. ಸದ್ಯಕ್ಕೆ ಇರುವ ಪ್ರಾಮಾಣಿಕ ಉತ್ತರವೆಂದರೆ ಸಡಿಲ ಕೊಳವೆಯನ್ನು ಕ್ಷೇತ್ರವಿಲ್ಲದ ಜಾಗಗಳಲ್ಲಿ, ಎಂದರೆ ಬಾರಿನ ತಾಮ್ರದ ಎಳೆಗಳ ನಡುವೆ ಅಥವಾ ಅರೆವಾಹಕ ಪದರದ ಹೊರಗೆ ಮಾತ್ರ ಬಳಸುವುದು, ಮುಖ್ಯ ಇನ್ಸುಲೇಷನ್ನಿನ ನಡುವನ್ನು ಮುಟ್ಟದಿರುವುದು.

ಟ್ರಾನ್ಸ್‌ಫಾರ್ಮರಿನ ಒಳಗೆ ಫೈಬರ್ ಇಡುವುದು ಈಗ ರೂಢಿಗೆ ಬಂದಿದೆ. ತುದಿಯಲ್ಲಿ ಗ್ಯಾಲಿಯಂ ಆರ್ಸೆನೈಡ್ ಹರಳಿರುವ ಫೈಬರನ್ನು ವೈಂಡಿಂಗಿನ ಅತಿ ಬಿಸಿಯ ಭಾಗದ ಸ್ಪೇಸರಿನೊಳಗೆ ಕೂರಿಸುತ್ತಾರೆ. ಉಷ್ಣತೆ ಏರಿದಂತೆ ಆ ಹರಳು ಹೀರುವ ಬೆಳಕಿನ ಅಂಚು ಸರಿಯುವುದನ್ನು ಹೊರಗಿನ ಉಪಕರಣ ಓದುತ್ತದೆ. ಸಾಮಾನ್ಯ ಕಾಗದದ ಇನ್ಸುಲೇಷನ್ನಿಗೆ 98 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡರೆ ಪ್ರತಿ 6 ಡಿಗ್ರಿ ಏರಿಕೆಗೆ ಮುಪ್ಪಿನ ವೇಗ ಇಮ್ಮಡಿಯಾಗುತ್ತದೆ, 110 ಡಿಗ್ರಿಯಲ್ಲಿ ನಾಲ್ಕು ಪಟ್ಟು. ವೈಂಡಿಂಗ್ ಟೆಂಪರೇಚರ್ ಮೀಟರು ತೋರಿಸುವುದು ಅಂದಾಜು, ಫೈಬರ್ ತೋರಿಸುವುದು ನಿಜ. ಆರು ಡಿಗ್ರಿಯ ವ್ಯತ್ಯಾಸಕ್ಕೆ ಇಷ್ಟು ಬೆಲೆಯಿರುವಾಗ ಇದು ಸಣ್ಣ ಮಾತಲ್ಲ. ಇಲ್ಲಿ ಫೈಬರ್ ಹೈವೋಲ್ಟೇಜಿನಿಂದ ಟ್ಯಾಂಕಿನ ಗೋಡೆಯವರೆಗೆ ಬರಲೇಬೇಕು, ಆದರೂ ಅಪಾಯ ಕಡಿಮೆ. ಕಾರಣವೇನೆಂದರೆ ಅದರ ಟೆಫ್ಲಾನ್ ಹೊದಿಕೆಯಲ್ಲಿ ಸೀಳುಗಳನ್ನು ಬಿಟ್ಟಿರುವುದರಿಂದ ನಿರ್ವಾತದಲ್ಲಿ ಎಣ್ಣೆ ತುಂಬುವಾಗ ಗಾಳಿಯೆಲ್ಲ ಹೊರಬಂದು ಎಣ್ಣೆ ಒಳಹೊಗುತ್ತದೆ. ಘನ ಇನ್ಸುಲೇಷನ್ನಿಗೆ ಇಲ್ಲದ ಅನುಕೂಲ ಇದು: ದ್ರವ ತಾನಾಗಿ ಸಂದನ್ನು ತುಂಬಿಕೊಳ್ಳುತ್ತದೆ.

ಕೇಬಲ್ಲಿನ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಎಕ್ಸ್‌ಎಲ್‌ಪಿಇ ಪದರದೊಳಗೆ ಏನನ್ನೂ ಹುದುಗಿಸಬಾರದು. ಅದು ಮೈಕಾದಂತೆ ಡಿಸ್ಚಾರ್ಜನ್ನು ತಾಳುವುದಿಲ್ಲ, ಒಮ್ಮೆ ತೊಡಗಿದರೆ ಬೇಗ ಕೊರೆದುಕೊಂಡು ಹೋಗುತ್ತದೆ. ಫೈಬರನ್ನು ಇನ್ಸುಲೇಷನ್ನಿನ ಹೊರಗೆ, ಲೋಹದ ಸ್ಕ್ರೀನ್ ತಂತಿಗಳ ಜೊತೆಯಲ್ಲಿ ಇಡಬೇಕು. ಅಲ್ಲಿಂದ ರಾಮನ್ ಚದುರಿಕೆಯ (ಗಾಜಿನಲ್ಲಿ ಚದುರಿದ ಬೆಳಕಿನ ಒಂದಂಶದ ಬಣ್ಣ ಬದಲಾಗುವ) ತತ್ವದಿಂದ ಕಿಲೋಮೀಟರುಗಳ ಉದ್ದಕ್ಕೂ ಉಷ್ಣತೆಯನ್ನು ಓದಬಹುದು. ಫೈಬರಿನಲ್ಲಿ ಬೆಳಕು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂ.ಮೀ. ಸಾಗುತ್ತದೆ, 10 ನ್ಯಾನೋಸೆಕೆಂಡಿನ ಮಿಡಿತ ಕಳಿಸಿದರೆ, ಹೋಗಿ ಬರುವ ದಾರಿಯ ಲೆಕ್ಕದಲ್ಲಿ ಒಂದು ಮೀಟರಿನ ಸರಾಸರಿ ಸಿಗುತ್ತದೆ. ಒಂದು ಕೇಬಲ್ ಜಾಯಿಂಟಿನಲ್ಲಿ ಅಂಗುಲದಷ್ಟು ಜಾಗ ಮಾತ್ರ ಕಾಯುತ್ತಿದ್ದರೆ ಆ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಹಾಗಾಗಿ ಜಾಯಿಂಟಿನ ಮೇಲೆ ಫೈಬರನ್ನು ಹಲವು ಸುತ್ತು ಸುತ್ತುವುದು ರೂಢಿ.

ನಮ್ಮ ಕಡೆ ಕೇಬಲ್ಲುಗಳಿಗೆ ಇನ್ನೊಂದು ಪೀಡೆಯಿದೆ. ತಿಂಗಳುಗಟ್ಟಲೆ ನೀರು ಕುಡಿದ ಮಣ್ಣಿನಲ್ಲಿ ಮಲಗಿದ ಎಕ್ಸ್‌ಎಲ್‌ಪಿಇ ಕೇಬಲ್ಲಿನೊಳಗೆ, ತೇವ ಮತ್ತು ವಿದ್ಯುತ್ ಕ್ಷೇತ್ರ ಕೂಡಿದಾಗ, ವಾಟರ್ ಟ್ರೀ ಎಂಬ ಕವಲೊಡೆದ ಸೂಕ್ಷ್ಮ ರಚನೆ ನಿಧಾನವಾಗಿ ಬೆಳೆಯುತ್ತದೆ. ಅದು ಬೆಳೆಯುವಾಗ ಪಾರ್ಷಿಯಲ್ ಡಿಸ್ಚಾರ್ಜ್ ಕಾಣಿಸುವುದಿಲ್ಲ, ಬಿಸಿಯೂ ಏರುವುದಿಲ್ಲ. ಎಷ್ಟೇ ಸೂಕ್ಷ್ಮವಾದ ಡಿಸ್ಚಾರ್ಜ್ ಸೆನ್ಸರ್ ಇಟ್ಟರೂ ಅದು ಕೊನೆಯ ಗಳಿಗೆಯವರೆಗೆ ‘ಎಲ್ಲ ಸರಿ’ ಎಂದೇ ಹೇಳುತ್ತಿರುತ್ತದೆ. ಇದಕ್ಕೆ ಬೇಕಾದುದು ಹೊರಕವಚದ ಅಡಿಯಲ್ಲಿ ನೀರು ಬಂದುದನ್ನು ತಿಳಿಸುವ ವ್ಯವಸ್ಥೆ, ಜೊತೆಗೆ ಟ್ಯಾನ್ ಡೆಲ್ಟಾ ಪರೀಕ್ಷೆ. ಯಾವ ರೋಗಕ್ಕೆ ಯಾವ ಸೆನ್ಸರ್ ಎಂದು ತೀರ್ಮಾನಿಸದೆ ಖರೀದಿಗೆ ಇಳಿಯುವುದು ಎಲ್ಲ ಕಡೆಯೂ ತಪ್ಪು, ಮಲೆನಾಡಿನಲ್ಲಿ ಹೆಚ್ಚು ದುಬಾರಿ ತಪ್ಪು.

ಹೊರಾಂಗಣದಲ್ಲಿ ಫೈಬರ್ ಹುದುಗಿಸಿದ ಪಾಲಿಮರ್ ಇನ್ಸುಲೇಟರುಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಮೇಲಿನ ತುದಿಯ ಸೀಲ್ ಕೆಟ್ಟರೆ ತೇವ ಫೈಬರಿನ ಮೈಹಿಡಿದು ಒಳಗಿಳಿಯುತ್ತದೆ, ಮತ್ತು ಆ ದಾರಿ ಹೈವೋಲ್ಟೇಜಿನಿಂದ ಭೂಮಿಯವರೆಗೆ ಸಾಗುವಂಥದ್ದು. ಇನ್ನು ಓದುಗಳನ್ನು ಹೋಲಿಸುವ ಬಗೆ: ವೈಂಡಿಂಗಿನ ತುದಿಭಾಗದ ಮೈಮೇಲಿನ ಡಿಸ್ಚಾರ್ಜ್ ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುವುದರಿಂದ ಮಾರ್ಚಿನ ಓದನ್ನು ಜುಲೈನ ಓದಿನೊಡನೆ ಇಟ್ಟು ನೋಡಿ ಗಾಬರಿಪಡುವುದಾಗಲಿ ನಿಶ್ಚಿಂತರಾಗುವುದಾಗಲಿ ಸಲ್ಲದು. ಜುಲೈಯನ್ನು ಹಿಂದಿನ ಜುಲೈಗೆ ಹೋಲಿಸಿ, ಪಕ್ಕದಲ್ಲಿ ತೇವಾಂಶ, ಉಷ್ಣತೆ, ಲೋಡ್ ಮೂರನ್ನೂ ಬರೆದಿಡಿ.

ಬ್ಯಾಟರಿ ಅಥವಾ ಚಿಪ್ ಇರುವ ಸೆನ್ಸರನ್ನು ಘನ ಇನ್ಸುಲೇಷನ್ನಿನೊಳಗೆ ಹುದುಗಿಸುವುದನ್ನು ನಾನು ಬೆಂಬಲಿಸುವುದಿಲ್ಲ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಿಂದ ನಡೆಯುತ್ತಿದೆ; ಇಂತಹ ಆಯುಷ್ಯದ ಯಂತ್ರಗಳೊಳಗೆ, ಬದಲಾಯಿಸಲು ಬಾರದ ಜಾಗದಲ್ಲಿ, ಹತ್ತೋ ಹದಿನೈದೋ ವರ್ಷ ಬಾಳುವ ವಸ್ತುವನ್ನು ಹೂಳುವುದರಲ್ಲಿ ಅರ್ಥವಿಲ್ಲ. ಒಳಗೆ ಇರಬೇಕಾದುದು ಗಾಜು, ಪ್ಲಾಟಿನಂ, ಲೋಹದ ಹಾಳೆಯಂತಹ ಜಡ ವಸ್ತುಗಳು ಮಾತ್ರ. ಬುದ್ಧಿಯೆಲ್ಲ ಹೊರಗಿನ ಪೆಟ್ಟಿಗೆಯಲ್ಲಿರಲಿ.

ನಿಮ್ಮ ಉಪಕೇಂದ್ರದ ಮಟ್ಟಿಗೆ ಹೇಳುವುದಾದರೆ, ಈಗಿರುವ ಉಪಕರಣಗಳ ಇನ್ಸುಲೇಷನ್ನನ್ನು ತೆರೆದು ಏನನ್ನೂ ಸೇರಿಸಲು ಬರುವುದಿಲ್ಲ, ಯಾರಾದರೂ ಬರುತ್ತದೆ ಎಂದರೆ ನಂಬಬೇಡಿ. ಬುಶಿಂಗ್ ಟ್ಯಾಪ್‌ಗಳಿಂದ ಆರಂಭಿಸಿ. ಜನರೇಟರಿಗೆ ರೀವೈಂಡಿಂಗ್ ಸಮಯ, ಟ್ರಾನ್ಸ್‌ಫಾರ್ಮರಿಗೆ ಹೊಸ ಖರೀದಿಯ ಸಮಯ, ಇವೆರಡೇ ಅವಕಾಶಗಳು. ಹೊಸ ಟ್ರಾನ್ಸ್‌ಫಾರ್ಮರಿನ ಟೆಂಡರ್ ಪತ್ರದಲ್ಲೇ ಪ್ರತಿ ವೈಂಡಿಂಗ್‌ಗೆ ಕನಿಷ್ಠ ಎರಡು ಫೈಬರ್ ಸೆನ್ಸರ್ ಕೇಳಿ, ಏಕೆಂದರೆ ಒಣಗಿಸುವಾಗ, ಬಿಗಿಯುವಾಗ ಒಂದೆರಡು ತುಂಡಾಗುವುದು ಸಾಮಾನ್ಯ ಮತ್ತು ಟ್ಯಾಂಕ್ ಮುಚ್ಚಿದ ಮೇಲೆ ಅವನ್ನು ಸರಿಪಡಿಸಲಾಗದು. ಸೆನ್ಸರ್ ಕೂರಿಸಿದ ನಂತರವೇ ಇಂಪಲ್ಸ್ (ಸಿಡಿಲಿನಂತಹ ಕ್ಷಣಿಕ ಹೈವೋಲ್ಟೇಜಿನ) ಮತ್ತು ಪಾರ್ಷಿಯಲ್ ಡಿಸ್ಚಾರ್ಜ್ ಪರೀಕ್ಷೆಗಳು ನಡೆಯಬೇಕೆಂದು ಬರೆಯಿಸಿ. ಹೊಸ ಬಗೆಯ ಸೆನ್ಸರ್ ಆಗಿದ್ದರೆ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಸ್ವತಂತ್ರ ಪ್ರಯೋಗಾಲಯದ ವರದಿಯನ್ನೂ ಕೇಳಬಹುದು. ಕಾರ್ಖಾನೆಯ ಹೀಟ್ ರನ್ ಪರೀಕ್ಷೆಗೆ (ಪೂರ್ಣ ಲೋಡಿನಷ್ಟು ಬಿಸಿಗೆ ತಂದು ನೋಡುವ ಪರೀಕ್ಷೆಗೆ) ನಿಮ್ಮ ಕಡೆಯವರೊಬ್ಬರು ಹೋಗಿ ಪ್ರತಿ ಫೈಬರಿನ ಓದನ್ನೂ ಅದು ಕುಳಿತಿರುವ ಡಿಸ್ಕ್ (ವೈಂಡಿಂಗಿನ ಬಿಲ್ಲೆಯಂತಹ ಒಂದು ಭಾಗ) ಸಂಖ್ಯೆಯೊಂದಿಗೆ ಬರೆದುಕೊಂಡು ಬರಲಿ. ಮುಂದೆ ಯಾವ ಓದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಆ ಹಾಳೆಯೇ ಆಧಾರ, ಮತ್ತು ಪರೀಕ್ಷೆ ಮುಗಿದ ಮೇಲೆ ಅದನ್ನು ಮತ್ತೆ ತಯಾರಿಸಲು ಬರುವುದಿಲ್ಲ.